ಏಳನೇ ಪುಟದ ಕೆಳಗಿನ ಐದು ಬೆರಳು

1994ರ ನವೆಂಬರ್ ತಿಂಗಳ ಕೊನೆಯ ಬುಧವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ, ಎರ್ನಾಕುಳಂನ ವಸತಿಗೃಹವೊಂದರ ಮೂರನೇ ಮಹಡಿಯಲ್ಲಿ, ನಾನು ಆ ದಿನದ ಮಲಯಾಳಂ ಪತ್ರಿಕೆಯ ಏಳನೇ ಪುಟದ ಕೆಳಭಾಗವನ್ನು ಸ್ಕೇಲು ಇಟ್ಟು ಬ್ಲೇಡಿನಿಂದ ಕತ್ತರಿಸಿಕೊಂಡೆ. ಪುಟದಷ್ಟು ಅಗಲ, ಐದು ಬೆರಳು ಎತ್ತರ. ಅದರಲ್ಲಿ ಒಂದು ಚಿತ್ರವಿತ್ತು. ಮಂಜಿನಲ್ಲಿ ದೋಣಿ ಕಾಣುತ್ತಿರಲಿಲ್ಲ. ಅದರಲ್ಲಿ ನಿಂತವರ ತಲೆಗಳು ಮಾತ್ರ ನೀರಿನ ಮೇಲೆ ಸಾಲಾಗಿ ತೇಲುತ್ತಿದ್ದವು. ನನಗೆ ಮಲಯಾಳಂ ಓದಲು ಬರುವುದಿಲ್ಲ. ಮೈಸೂರಿನ ಪತ್ರಿಕೆಯೊಂದರಲ್ಲಿ ಹದಿನಾರು ವರ್ಷದಿಂದ ಉಪಸಂಪಾದಕನಾಗಿರುವವನಿಗೆ ಒಳ್ಳೆಯ ಚಿತ್ರ ಕಂಡರೆ ಕತ್ತರಿಸಿ ಫೈಲಿಗೆ ಸೇರಿಸುವುದು ಅಭ್ಯಾಸ. ಕತ್ತರಿಸುವ ಮೊದಲು ಹಿಂಬದಿ ನೋಡಬೇಕೆಂಬುದು ನಮ್ಮ ಕಚೇರಿಯ ನಿಯಮ. ನೋಡಿದೆ. ಅಂಕಿಗಳ ಸಾಲು ಕಾಣಿಸಿತು. ಕೇರಳದ ಪತ್ರಿಕೆಗಳಲ್ಲಿ ದಿನವೂ ಬರುವ ಲಾಟರಿ ಫಲಿತಾಂಶ ಎಂದುಕೊಂಡೆ.

ಅದು ಲಾಟರಿ ಫಲಿತಾಂಶವಾಗಿರಲಿಲ್ಲ.

ಎರ್ನಾಕುಳಂ: ಹಾಳೆಗಳು ನಡೆದಾಡುವ ಮನೆ

ಎಂಟು ದಿನಗಳ ರಜೆ ಇತ್ತು. ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯ ನೌಕರಿಯಲ್ಲಿದ್ದ ಧಾರವಾಡದ ಗೆಳೆಯ ಜೋಶಿ ಹತ್ತು ವರ್ಷದಿಂದ ಕರೆಯುತ್ತಿದ್ದ. ನೇರ ಅಲ್ಲಿಗೇ ಹೋಗುವ ಬದಲು ಮೊದಲು ಕೊಚ್ಚಿಯ ಎರ್ನಾಕುಳಂನಲ್ಲಿ ಇಳಿದೆ. ಬೆಂಗಳೂರಿನಿಂದ ರೈಲಿನಲ್ಲಿ ಒಂದು ರಾತ್ರಿಯ ದೂರ. ಆದರೆ ಬೆಳಿಗ್ಗೆ ಕಣ್ಣುಬಿಟ್ಟಾಗ ಅಂಗಡಿ ಬೋರ್ಡುಗಳ ಮೇಲಿನ ಒಂದಕ್ಷರವೂ ನನ್ನದಾಗಿರಲಿಲ್ಲ. ಓದುವುದೇ ಹೊಟ್ಟೆಪಾಡಾಗಿರುವ ಮನುಷ್ಯನಿಗೆ ಓದಲಾಗದ ಊರಿನಲ್ಲಿ ನಡೆಯುವುದು ಎಚ್ಚರವಿದ್ದೂ ಕನಸು ಕಂಡಂತೆ. ಎಲ್ಲವೂ ಏನನ್ನೋ ಹೇಳುತ್ತಿರುತ್ತದೆ, ಯಾವುದೂ ಕೇಳಿಸುವುದಿಲ್ಲ.

ವಸತಿಗೃಹ ದೋಣಿಕಟ್ಟೆಯಿಂದ ಐದು ನಿಮಿಷದ ದೂರದಲ್ಲಿ, ಪೇಟೆಯ ನಟ್ಟನಡುವಿನ ಓಣಿಯಲ್ಲಿತ್ತು. ನಮ್ಮಂಥವರ ಕೈಗೆಟುಕುವ ಜಾಗ. ಹಸಿರು ಬಣ್ಣದ ಮರದ ಕಿಟಕಿಗಳು, ನಿಧಾನಕ್ಕೆ ತಿರುಗುವ ಫ್ಯಾನು, ಉಪ್ಪುಗಾಳಿಗೆ ಮಬ್ಬಾದ ಕನ್ನಡಿ. ಹಾಸಿಗೆಯ ಮೇಲೆ ಮಲಗಿದರೆ ದೋಣಿಗಳ ಸಿಳ್ಳೆ ಕೇಳುತ್ತಿತ್ತು. ಮಧ್ಯಾಹ್ನ ಊಟದ ನಂತರ ಕಟ್ಟಡಕ್ಕೆ ಕಟ್ಟಡವೇ ಮಲಗುತ್ತಿತ್ತು. ಕಿಟಕಿಯ ಪಟ್ಟಿಗಳ ನಡುವಿನಿಂದ ಬಿದ್ದ ಬೆಳಕು ನೀರಿನೊಳಗಿನ ಬೆಳಕಿನ ಹಾಗೆ ಗೋಡೆಯ ಮೇಲೆ ಅಲುಗಾಡುತ್ತಿತ್ತು. ಅದು ಎಲ್ಲಿಂದ ಅಲುಗುತ್ತದೆ ಎಂದು ಮೂರು ದಿನ ಹುಡುಕಿದೆ. ಪಕ್ಕದ ಮನೆಯ ತಾರಸಿಯ ತೊಟ್ಟಿಯಿಂದ ಎಂದು ಮಂಗಳವಾರ ಗೊತ್ತಾಯಿತು.

ಮೊದಲ ದಿನದ ಊಟದಲ್ಲಿ ಲೋಟದಲ್ಲಿ ತಿಳಿಗುಲಾಬಿ ಬಣ್ಣದ ಬಿಸಿನೀರು ತಂದಿಟ್ಟರು. ಲೋಟ ಸರಿಯಾಗಿ ತೊಳೆದಿಲ್ಲವೆಂದು ಹಿಂದಕ್ಕೆ ಕಳಿಸಿದೆ. ಇನ್ನೊಂದು ಲೋಟ ಬಂತು, ಅದೂ ಗುಲಾಬಿ. ಅದು ಮರದ ಚಕ್ಕೆ ಹಾಕಿ ಕುದಿಸಿದ ನೀರು, ಇಲ್ಲಿ ಎಲ್ಲರೂ ಕುಡಿಯುವುದು ಅದನ್ನೇ ಎಂದು ಎದುರಿಗೆ ಕುಳಿತಿದ್ದವರು ಕನ್ನಡದಲ್ಲಿ ಹೇಳಿದರು.

ಹಾಗೆ ಪರಿಚಯವಾದವರು ಐತಪ್ಪ. ಬದಿಯಡ್ಕದಲ್ಲಿ ಟೈಲರ್ ಅಂಗಡಿ ಇಟ್ಟವರು. ಕಾಸರಗೋಡಿನ ಕನ್ನಡ, ಸರಾಗ ಮಲಯಾಳಂ. ಜೊತೆಯಲ್ಲಿದ್ದವಳು ಅವರ ಅಕ್ಕನ ಮಗಳು ವಾರಿಜಾ, ನರ್ಸು. ಕಾಸರಗೋಡಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ. ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ದಾದಿಯರನ್ನು ಆರಿಸುವ ಸಂದರ್ಶನ ಸೋಮವಾರ ಎರ್ನಾಕುಳಂನಲ್ಲಿತ್ತು; ಅದಕ್ಕಾಗಿ ಬಂದಿದ್ದರು. ಈ ಮೊದಲು ಎರಡು ಸಲ ಬೇರೆ ಬೇರೆ ಕಡೆ ಪ್ರಯತ್ನಿಸಿ ಎರಡೂ ಸಲ ಕಾಯುವ ಪಟ್ಟಿಯಲ್ಲೇ ಉಳಿದಿದ್ದಳು. ಮೂವತ್ತು ತುಂಬಿದವರನ್ನು ಸಂದರ್ಶನಕ್ಕೇ ಕರೆಯುವುದಿಲ್ಲ. ಅವಳಿಗೆ ಜನವರಿಗೆ ಮೂವತ್ತು.

ಐತಪ್ಪ ಇದನ್ನೆಲ್ಲ ಸೊಸೆಯ ಎದುರಿಗೇ ಹೇಳಿದರು. ಅವಳು ಅನ್ನದಲ್ಲಿ ಬೆರಳಾಡಿಸುತ್ತ, "ಮಾವ, ಇನ್ನು ನನ್ನ ಜಾತಕವನ್ನೂ ಸಾರ್‌ಗೆ ಓದಿ ಹೇಳಿ," ಎಂದಳು.

"ಅದು ಚೀಲದಲ್ಲಿ ಉಂಟು. ಊಟ ಆಗಲಿ," ಎಂದರು ಅವರು.

ಸೋಮವಾರ ಸಂಜೆ ಸಂದರ್ಶನ ಮುಗಿಸಿ ಬಂದವಳ ಮುಖ ಶಾಂತವಾಗಿತ್ತು. ಏನು ಕೇಳಿದರೆಂದು ವಿಚಾರಿಸಿದೆ. ಒಂದೇ ಪಾಳಿಯಲ್ಲಿ ನಲವತ್ತು ಮಕ್ಕಳನ್ನು ನೋಡಿಕೊಳ್ಳಬಲ್ಲೆಯಾ ಎಂದು ಕೇಳಿದರಂತೆ. ಈಗಿರುವಲ್ಲಿ ಇಂಜೆಕ್ಷನ್ ಕೊಡುವುದು, ಬಿಲ್ಲು ಬರೆಯುವುದು, ಕೆಲಸದವಳು ಬಾರದ ದಿನ ನೆಲ ಒರೆಸುವುದು ಎಲ್ಲವನ್ನೂ ತಾನೇ ಮಾಡುವುದರಿಂದ, ಮಕ್ಕಳನ್ನಷ್ಟೇ ನೋಡಿಕೊಳ್ಳುವುದಾದರೆ ಅದು ರಜೆ ಇದ್ದ ಹಾಗೆ ಎಂದು ಉತ್ತರಿಸಿದಳಂತೆ. ಅವರು ನಕ್ಕರಂತೆ. ನಕ್ಕದ್ದು ಒಳ್ಳೆಯದಕ್ಕೋ ಅಲ್ಲವೋ ಎಂದು ಐತಪ್ಪನವರಿಗೆ ಚಿಂತೆ. ಆಯ್ಕೆಯಾದವರ ಪಟ್ಟಿ ಬುಧವಾರದ ಪತ್ರಿಕೆಯಲ್ಲಿ ಬರುವುದಿತ್ತು.

ಆ ವಸತಿಗೃಹದಲ್ಲಿ ಪತ್ರಿಕೆ ಓದುವ ಕ್ರಮವನ್ನು ಇಲ್ಲಿ ಹೇಳಬೇಕು. ತರಿಸುತ್ತಿದ್ದುದು ಒಂದೇ ಪ್ರತಿ. ಮ್ಯಾನೇಜರ್ ಪೌಲೋಸ್ ಅವರನ್ನು ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದರು. ಅವರು ಬೆಳಿಗ್ಗೆ ಆರಕ್ಕೆ ಕೌಂಟರಿನ ಮೇಲೆ ಪತ್ರಿಕೆಯನ್ನು ಹರಡಿ, ಮಡಿಕೆಯ ಗುಂಟ ಸೀಳಿ ಒಂಟಿ ಹಾಳೆಗಳಾಗಿ ಮಾಡುತ್ತಿದ್ದರು. ಒಂದೊಂದು ಹಾಳೆ ಒಂದೊಂದು ಕೋಣೆಗೆ. ಓದಿದವರು ಪಕ್ಕದ ಬಾಗಿಲಿನ ಕೆಳಗೆ ತಳ್ಳಬೇಕು, ತಮ್ಮ ಬಾಗಿಲಿನ ಕೆಳಗೆ ಬಂದದ್ದನ್ನು ಎತ್ತಿಕೊಳ್ಳಬೇಕು. ಯಾರೂ ತಡಮಾಡುತ್ತಿರಲಿಲ್ಲ. ಅರ್ಧ ನಿದ್ದೆಯಲ್ಲಿರುವಾಗ ಸರ್ ಎಂದು ಕಾಗದ ನೆಲದ ಮೇಲೆ ಜಾರಿ ಒಳಗೆ ಬರುವ ಸದ್ದು. ನೋಡಿದರೆ ಯಾವುದೋ ಮಂತ್ರಿ ಚಪ್ಪಲಿಯ ಪಕ್ಕದಲ್ಲಿ ಮಲಗಿ ನಗುತ್ತಿರುತ್ತಾನೆ. ಹತ್ತು ಗಂಟೆಯೊಳಗೆ ಇಡೀ ಲೋಕದ ಸುದ್ದಿ ಮೂರು ಮಹಡಿಗಳನ್ನು ಸುತ್ತಿ ಕೌಂಟರಿಗೆ ವಾಪಸಾಗುತ್ತಿತ್ತು. ನಮ್ಮೂರಿನ ಲಾಡ್ಜುಗಳಲ್ಲಿ ಪತ್ರಿಕೆ ಮೇಜಿನ ಮೇಲೆಯೇ ಇರುತ್ತದೆ, ಒಬ್ಬರು ಓದುವಾಗ ಇನ್ನಿಬ್ಬರು ಹೆಗಲ ಮೇಲಿನಿಂದ ಇಣುಕುತ್ತಾರೆ.

ನನಗೆ ಓದಲು ಬರುವುದಿಲ್ಲವೆಂದು ಚೇಟ್ಟನ್‌ಗೆ ಗೊತ್ತಿತ್ತು. ಆದರೂ ಪತ್ರಿಕೆಯವನೆಂಬ ಗೌರವಕ್ಕೆ ಚಿತ್ರ ಇರುವ ಹಾಳೆಯನ್ನು ನೋಡಿ ಕಳಿಸುತ್ತಿದ್ದರು. ನನ್ನ ಹಾಳೆ ಮುಂದೆ ಹೋಗಬೇಕಾದದ್ದು ಪಕ್ಕದ ಕೋಣೆಗೆ. ಅಲ್ಲಿದ್ದವರು ಐತಪ್ಪ; ಅವರ ಆಚೆಯ ಕೋಣೆಯಲ್ಲಿ ವಾರಿಜಾ.

ಮಟ್ಟಾಂಚೇರಿ: ತಪ್ಪು ದೋಣಿ

ಮಂಗಳವಾರ ಹಿನ್ನೀರಿನಾಚೆಯ ಹಳೆಯ ಪೇಟೆಯಾದ ಮಟ್ಟಾಂಚೇರಿಗೆಂದು ಹೊರಟೆ. ದೋಣಿಕಟ್ಟೆಯಲ್ಲಿ ಬೋರ್ಡು ಓದಲಾಗದೆ, ಹೆಚ್ಚು ಜನ ಹತ್ತಿದ ದೋಣಿಗೆ ಹತ್ತಿ ಬೇರೊಂದು ದ್ವೀಪದಲ್ಲಿ ಇಳಿದೆ. ಅಲ್ಲಿ ಒಂದು ಚಹಾದಂಗಡಿ, ಒಂದು ಚರ್ಚು, ಬಲೆ ಹೆಣೆಯುತ್ತಿದ್ದ ಇಬ್ಬರು. ಮುಂದಿನ ದೋಣಿಗೆ ಮುಕ್ಕಾಲು ಗಂಟೆ ಇತ್ತು. ನಾನು ಎಲ್ಲಿಗೆ ಹೋಗಬೇಕಿತ್ತೆಂದು ಅಂಗಡಿಯವರು ಕೇಳಿದರು, ಹೇಳಿದೆ. ಅವರು ತಲೆಯಾಡಿಸಿ, ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ದೋಣಿ ಬಂದಾಗ ಕೈ ಹಿಡಿದು ಎಬ್ಬಿಸಿದರು. ಅಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು.

ಮಟ್ಟಾಂಚೇರಿಯ ಮಂಡಿಗಳ ಓಣಿಯಲ್ಲಿ ಗಾಳಿಗೇ ಬಣ್ಣವಿತ್ತು. ಒಂದು ಬಾಗಿಲ ಮುಂದೆ ಶುಂಠಿ, ಇನ್ನೊಂದರ ಮುಂದೆ ಕಾಳುಮೆಣಸು, ಅದರಾಚೆ ಏಲಕ್ಕಿ. ಕಣ್ಣು ಮುಚ್ಚಿಕೊಂಡೇ ಯಾವ ಮಂಡಿಯ ಮುಂದಿದ್ದೇನೆಂದು ಹೇಳಬಹುದಿತ್ತು. ಈ ಊರಿನಲ್ಲಿ ನಾನು ಓದಬಲ್ಲ ಬೋರ್ಡುಗಳು ಅವೇ. ಲುಂಗಿಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದ ವ್ಯಾಪಾರಿಯೊಬ್ಬರು ನನ್ನೊಡನೆ ಮಾತಾಡುವ ಮೊದಲು ಅದನ್ನು ಪಾದದವರೆಗೆ ಇಳಿಸಿದರು, ಮಾತು ಮುಗಿದ ಮೇಲೆ ಮತ್ತೆ ಎತ್ತಿ ಕಟ್ಟಿದರು. ಅಪರಿಚಿತನಿಗೆ ಇಷ್ಟು ಮರ್ಯಾದೆಯನ್ನು ನಮ್ಮ ಕಡೆ ನಾನು ಕಂಡಿಲ್ಲ.

ತಿರುವನಂತಪುರ: ಗುರುವಾರದ ಊಟ

ಬುಧವಾರ ಬೆಳಿಗ್ಗೆ ಕತ್ತರಿಸಿದ ಚಿತ್ರವನ್ನು ಪುಸ್ತಕದೊಳಗೆ ಇಟ್ಟುಕೊಂಡು, ಉಳಿದ ಹಾಳೆಯನ್ನು ಐತಪ್ಪನವರ ಬಾಗಿಲ ಕೆಳಗೆ ತಳ್ಳಿ, ಏಳರ ರೈಲಿಗೆ ಹೊರಟೆ. ಕತ್ತರಿಸಲು ಯಾರನ್ನೂ ಕೇಳಲಿಲ್ಲ. ನಮ್ಮ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. ಕೊಲ್ಲಂ ಹತ್ತಿರ ಹಿನ್ನೀರಿನ ಮೇಲೆ ರೈಲು ನಿಧಾನವಾಯಿತು. ಕಿಟಕಿಯ ಎರಡೂ ಕಡೆ ನೀರು. ತೆಂಗಿನ ಮರಗಳು ತಲೆಕೆಳಗಾಗಿ ನಿಂತಿದ್ದವು, ಅವುಗಳ ನಡುವೆ ನಮ್ಮ ರೈಲಿನ ನೆರಳು ಸದ್ದಿಲ್ಲದೆ ಈಜುತ್ತಿತ್ತು.

ಆ ದಿನ ತಿರುವನಂತಪುರದ ಸ್ಟೇಷನ್ನಿನ ಎದುರಿನ ಸಣ್ಣ ಹೋಟೆಲೊಂದರಲ್ಲಿ ಇಳಿದುಕೊಂಡೆ. ಗುರುವಾರ ಮಧ್ಯಾಹ್ನ ಜೋಶಿಯ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ. ಜೋಳದ ಹಿಟ್ಟು ಧಾರವಾಡದಿಂದ ರೈಲಿನಲ್ಲಿ ಬರುವುದಂತೆ. ಜೋಶಿಯ ಹೆಂಡತಿ ವತ್ಸಲಾ ಹದಿನೈದು ವರ್ಷದಲ್ಲಿ ಮಲಯಾಳಂ ಓದುವುದನ್ನು ಕಲಿತಿದ್ದರು, ಮೊದಲು ಬಸ್ಸಿನ ಬೋರ್ಡು, ಆಮೇಲೆ ಪತ್ರಿಕೆ. ಊಟದ ನಂತರ ಚಿತ್ರ ತೆಗೆದು ಅಡಿಬರಹ ಓದಿ ಎಂದು ಅವರ ಕೈಗೆ ಕೊಟ್ಟೆ.

"ವಿಳಿಂಜಂ ಅಂತದ. ಇಲ್ಲೇ, ಅರ್ಧ ತಾಸಿನ ಹಾದಿ. ಸಂಜಿಗೆ ಹೋಗಿ ಬರೋಣಂತ," ಎಂದರು. ಆಮೇಲೆ ಹಾಳೆ ತಿರುಗಿಸಿದರು.

ಲಾಟರಿ ಎಂದೆ.

"ಲಾಟರಿ ಅಲ್ರೀ. ಹೆಸರವ. ನರ್ಸುಗಳ ಆಯ್ಕಿ ಪಟ್ಟಿ ಇದು." ಅವರು ಬೆರಳಿಟ್ಟು ಓದತೊಡಗಿದರು. ಪಟ್ಟಿಯ ಕೊನೆಯ ನಾಲ್ಕು ಹೆಸರುಗಳು ಅಲ್ಲಿದ್ದವು. ಮೂರನೆಯದು, ನಲವತ್ತೊಂದು, ವಾರಿಜಾ ಕೆ., ಬದಿಯಡ್ಕ. ಅದರ ಕೆಳಗೆ ಸೂಚನೆ: ಆಯ್ಕೆಯಾದವರು ಮೂಲ ಪ್ರಮಾಣಪತ್ರಗಳೊಂದಿಗೆ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ನೇಮಕಾತಿ ಸಂಸ್ಥೆಯ ತಿರುವನಂತಪುರದ ಕಚೇರಿಯಲ್ಲಿ ಹಾಜರಾಗಬೇಕು, ಬಾರದವರ ಜಾಗ ಕಾಯುವ ಪಟ್ಟಿಯವರಿಗೆ.

ನಾನು ವಿಷಯ ಹೇಳಿದೆ. ಜೋಶಿ ಆ ತುಂಡಿನ ಅಂಚನ್ನು ಸವರಿ ನೋಡಿದ. "ಕೈಲೆ ಹರದಿದ್ರ ಅವರಿಗೆ ಗೊತ್ತಾಗ್ತಿತ್ತಪ್ಪ. ಭಾಳ ನೀಟಾಗಿ ಕತ್ತರಿಸೀದಿ," ಎಂದ.

ಎರಡೂವರೆಗೆ ಬೀದಿಯ ಕೊನೆಯ ಎಸ್‌ಟಿಡಿ ಬೂತಿನಿಂದ ಎರ್ನಾಕುಳಂಗೆ ಫೋನು ಮಾಡಿದೆ. ಪೌಲೋಸ್ ಚೇಟ್ಟನ್ ಸಿಕ್ಕರು. ಮಾವ, ಸೊಸೆ ಮಧ್ಯಾಹ್ನವೇ ಕೋಣೆ ಬಿಟ್ಟಿದ್ದರು. ಬುಧವಾರ ಪಟ್ಟಿ ನೋಡಿದ ಮೇಲೆ ಹುಡುಗಿ ಬಾಗಿಲು ಹಾಕಿಕೊಂಡವಳು ಊಟಕ್ಕೂ ಇಳಿಯಲಿಲ್ಲವಂತೆ. ಚೀಲ ಕೌಂಟರಿನ ಬಳಿ ಇಟ್ಟು, ಅಂಗಡಿಗೆ ಬೇಕಾದ ಗುಂಡಿ, ಲೈನಿಂಗ್ ಬಟ್ಟೆ ಕೊಳ್ಳಲು ಪೇಟೆಗೆ ಹೋಗಿದ್ದರು. ಕಾಸರಗೋಡಿಗೆ ಸಂಜೆಯ ರೈಲು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಚೇಟ್ಟನ್ ಒಂದೊಂದೇ ಮಾತಾಗಿ ಬರೆದುಕೊಂಡು ಓದಿ ಒಪ್ಪಿಸಿದರು. ಚೀಟಿಯನ್ನು ಚೀಲದ ಹಿಡಿಕೆಗೆ ಸಿಕ್ಕಿಸುತ್ತೇನೆ, ಇಲ್ಲಿಯೇ ಇರುತ್ತೇನೆ ಎಂದರು.

ನಾಲ್ಕೂವರೆಗೆ ಮತ್ತೆ ಫೋನು ಮಾಡಿದಾಗ ಬೇರೆ ಯಾರೋ ಎತ್ತಿಕೊಂಡರು. ಚೇಟ್ಟನ್ ಪಕ್ಕದ ಓಣಿಗೆ ಹೋಗಿದ್ದರು. ಚೀಲ ಇಲ್ಲ. ಚೀಟಿಯೂ ಇಲ್ಲ. ಬಂದವರು ಚೀಟಿ ಓದಿದರೇ ಎಂದು ಕೇಳಿದೆ. ಅವರಿಗೆ ತಿಳಿಯದು.

ವಿಳಿಂಜಂಗೆ ಹೋದೆವು. ಸಂಜೆಯ ಬೆಳಕಿನಲ್ಲಿ ದೋಣಿಗಳು ಒಂದೊಂದಾಗಿ ಹೊರಡುತ್ತಿದ್ದವು. ದಡದಲ್ಲಿ ಹೆಂಗಸರು ಮೀನಿನ ಬುಟ್ಟಿಗಳ ಮುಂದೆ ಕುಳಿತು ಜೋರಾಗಿ ಬೆಲೆ ಕೂಗುತ್ತಿದ್ದರು. ಮಸೀದಿಯ ಬಾಂಗು, ಅಲೆಗಳ ಸದ್ದು, ಅವರ ಕೂಗು ಒಂದರೊಳಗೊಂದು ಕರಗಿ ಬಹಳ ದೂರದಿಂದ ಬಂದಂತೆ ಕೇಳುತ್ತಿತ್ತು. ವತ್ಸಲಾ ನನಗೆ ಒಂದೊಂದನ್ನೂ ವಿವರಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಕಾಸರಗೋಡಿನ ರೈಲು ಹೊರಟು ಹತ್ತು ನಿಮಿಷವಾಗಿತ್ತು.

ಶುಕ್ರವಾರ: ಮಹಡಿಯ ಬೆಂಚು

ಕಚೇರಿ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿತ್ತು. ಒಂಬತ್ತಕ್ಕೆ ಹೋದೆ. ಮೇಜಿನ ಗುಮಾಸ್ತರಿಗೆ ನನ್ನ ಕಾಗದದ ತುಂಡು ತೋರಿಸಿ ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಳು ಬರಬೇಕು, ಪ್ರಮಾಣಪತ್ರ ಬರಬೇಕು, ಹನ್ನೆರಡಕ್ಕೆ ಪುಸ್ತಕ ಮುಚ್ಚುತ್ತೇನೆ ಎಂದರು. ಕೋಪವೇನೂ ಇರಲಿಲ್ಲ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಎರಡು ಪಟ್ಟಿಗಳಿದ್ದವು, ಉದ್ದದ್ದು ಆಯ್ಕೆಯಾದವರದು, ಗಿಡ್ಡದ್ದು ಕಾಯುವವರದು.

ಬೆಂಚಿನ ಮೇಲೆ ತಾಯಿ, ಮಗಳು ಕುಳಿತಿದ್ದರು. ಕೊಲ್ಲಂನವರು, ಎಂಟಕ್ಕೇ ಬಂದಿದ್ದರು. ತಾಯಿ ಸ್ಟೀಲಿನ ಡಬ್ಬಿ ತೆರೆದು ಬಾಳೆಹಣ್ಣಿನ ಬಜ್ಜಿಯನ್ನು ಮೊದಲು ನನಗೆ ಚಾಚಿದರು. ಬೇಡವೆಂದರೂ ಬಿಡಲಿಲ್ಲ. ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಯಾರಿಗಾಗಿ ಬಂದಿದ್ದೀರೆಂದು ಕೇಳಿದಳು. ಕಾಸರಗೋಡಿನ ಕಡೆಯ ಪರಿಚಿತರೊಬ್ಬರಿಗಾಗಿ ಎಂದೆ.

"ನಲವತ್ತೊಂದಾ?" ಎಂದಳು.

ಹೌದೆಂದೆ. ಬಾರದೆ ಉಳಿದ ಹೆಸರು ಅದೊಂದೇ ಎಂದು ಅವಳಿಗೆ ಬೆಳಿಗ್ಗೆಯಿಂದ ಗೊತ್ತಿತ್ತು. ಗಿಡ್ಡ ಪಟ್ಟಿಯ ಮೊದಲ ಹೆಸರು ತನ್ನದು ಎಂದು ಅವಳೇ ಹೇಳಿದಳು. ಆಮೇಲೆ, ಕಾಸರಗೋಡು ದೂರವಲ್ಲವೇ, ಬರುತ್ತಾರೆ ಬಿಡಿ ಎಂದು ನನಗೆ ಸಮಾಧಾನ ಹೇಳಿದಳು. ತಾಯಿಗೆ ಇಂಗ್ಲಿಷ್ ತಿಳಿಯದು. ಅವರು ಇನ್ನೊಂದು ಬಜ್ಜಿ ಕೊಟ್ಟರು. ಕಚೇರಿಯೊಳಗೆ ಫ್ಯಾನು ತಿರುಗುತ್ತಿತ್ತು. ಕಿಟಕಿಯಾಚೆ ಬಸ್ಸುಗಳು ಸದ್ದಿಲ್ಲದೆ ಹೋಗುತ್ತಿದ್ದಂತೆ ಕಂಡಿತು. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿದರೂ ನಾವು ಮೂವರೂ ಒಟ್ಟಿಗೆ ಅತ್ತ ನೋಡುತ್ತಿದ್ದೆವು.

ಹನ್ನೊಂದೂ ನಲವತ್ತಕ್ಕೆ ವಾರಿಜಾ ಮೆಟ್ಟಿಲು ಹತ್ತಿ ಬಂದಳು. ಸೀರೆಯ ನೆರಿಗೆ ಮುದುಡಿತ್ತು, ಕೈಯಲ್ಲಿ ಪ್ರಮಾಣಪತ್ರಗಳ ಪ್ಲಾಸ್ಟಿಕ್ ಚೀಲ. ನನ್ನನ್ನು ನೋಡಿದಳು, ನಿಲ್ಲಲಿಲ್ಲ, ನೇರ ಮೇಜಿಗೆ ಹೋದಳು. ಗುಮಾಸ್ತರು ಗಡಿಯಾರ ನೋಡಿ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದರು.

ಹಿಂದಿನಿಂದ ಏದುಸಿರು ಬಿಡುತ್ತ ಐತಪ್ಪ ಬಂದರು. ಹಿಡಿಕೆಗೆ ಸಿಕ್ಕಿಸಿದ ಚೀಟಿಯನ್ನು ಅವರು ಲಾಡ್ಜಿನವರು ಚೀಲದ ಗುರುತಿಗೆಂದು ಹಾಕಿದ ಚೀಟಿ ಎಂದುಕೊಂಡು ಕಿಸೆಗೆ ಹಾಕಿದ್ದರಂತೆ. ರೈಲು ಹೊರಟ ಮೇಲೆ ಟಿಕೆಟ್ ತೋರಿಸಲು ಕಿಸೆಗೆ ಕೈಹಾಕಿದಾಗ ಅದು ಹೊರಬಂತು. ಆಲುವದಲ್ಲಿ ಇಳಿದು, ಅಲ್ಲಿಯೇ ಸ್ಟೇಷನ್ನಿನಲ್ಲಿ ಉಳಿದು, ಬೆಳಗಿನ ಮೊದಲ ರೈಲು ಹಿಡಿದಿದ್ದರು. ಅದೂ ದಾರಿಯಲ್ಲಿ ಒಂದು ಗಂಟೆ ನಿಂತಿತ್ತು.

ಕಾಗದದ ತುಂಡನ್ನು ಅವರ ಕೈಗೆ ಕೊಟ್ಟು, ಕತ್ತರಿಸಿದವನು ನಾನೇ ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದರು. ಮೇಲಿನ ಅಂಚಿನ ಮೇಲೆ ಹೆಬ್ಬೆರಳು ಎಳೆದರು.

"ಕತ್ತರಿಯಾ?"

"ಬ್ಲೇಡು. ಸ್ಕೇಲು ಇಟ್ಟು."

"ನಾನು ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುವವ ಮಾರಾಯ್ರೆ. ಹಾಳೆಯ ಅಂಚು ನೋಡಿದೆ, ನೇರ ಉಂಟು. ಪಟ್ಟಿ ಅಲ್ಲಿಗೇ ಮುಗೀತು ಅಂತ ನಾನೇ ಅವಳಿಗೆ ಹೇಳಿದ್ದು." ಅವರು ತುಂಡನ್ನು ನಾಲ್ಕಾಗಿ ಮಡಚಿದರು. "ಒಂದು ಚೂರು ಡೊಂಕು ಹೋಗಬಾರದಿತ್ತಾ ನಿಮ್ಮ ಕೈ?"

ಅವರು ಆ ತುಂಡನ್ನು ಕಿಸೆಗೆ ಹಾಕಿಕೊಂಡರು. ಅದು ಮತ್ತೆ ನನಗೆ ಸಿಗಲಿಲ್ಲ, ನಾನು ಕೇಳಲೂ ಇಲ್ಲ.

ಹನ್ನೆರಡಕ್ಕೆ ಗುಮಾಸ್ತರು ಪುಸ್ತಕ ಮುಚ್ಚಿದರು. ಕೊಲ್ಲಂನ ಹುಡುಗಿ ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕಿಟ್ಟಳು. ತಾಯಿ ಏನೋ ಕೇಳಿದರು, ಮಗಳು ಚಿಕ್ಕದಾಗಿ ಉತ್ತರಿಸಿದಳು. ಮೆಟ್ಟಿಲಿನ ಬಳಿ ವಾರಿಜಾ ತಾಯಿ, ಮಗಳಿಗೆ ದಾರಿ ಬಿಟ್ಟು ನಿಂತಳು. ಆ ಹುಡುಗಿ ಯಾರೆಂದು ವಾರಿಜಾಗೆ ನಾನು ಹೇಳಿರಲಿಲ್ಲ. ಆದರೂ ಇವಳು ಬೋರ್ಡಿನ ಗಿಡ್ಡ ಪಟ್ಟಿಯ ಕಡೆ ನೋಡಿದಳು, ಆಮೇಲೆ ಆ ಹುಡುಗಿಯ ಕಡೆ ನೋಡಿ ಮಲಯಾಳಂನಲ್ಲಿ ಏನೋ ಹೇಳಿದಳು. ಆ ಹುಡುಗಿ ಇವಳ ಕೈಯನ್ನು ಒಂದು ಕ್ಷಣ ಹಿಡಿದು, ಬಿಟ್ಟು, ಕೆಳಗಿಳಿದಳು.

ಏನು ಹೇಳಿದೆ ಎಂದು ವಾರಿಜಾಳನ್ನು ಕೇಳಿದೆ.

"ಎರಡು ಸಲ ನಾನೂ ಅಂಥ ಬೆಂಚಿನಲ್ಲಿ ಕೂತಿದ್ದೆ ಅಂತ," ಎಂದಳು.

ಫೆಬ್ರವರಿಯಲ್ಲಿ ಐತಪ್ಪನವರ ಕಾರ್ಡು ಬಂತು. ವಾರಿಜಾ ತಿರುವನಂತಪುರದಿಂದ ವಿಮಾನ ಹತ್ತಿದ್ದಾಳೆ, ಮಸ್ಕತ್ತಿನಲ್ಲಿ ಮಕ್ಕಳ ವಾರ್ಡು ಕೊಟ್ಟಿದ್ದಾರೆ ಎಂದು ಬರೆದಿದ್ದರು. ಅದೇ ವಾರ ನನ್ನ ಕೋರಿಕೆಯ ಮೇರೆಗೆ ವತ್ಸಲಾ ಆ ಕಚೇರಿಗೆ ಹೋಗಿ ನೋಡಿ ಫೋನು ಮಾಡಿದರು. ಉದ್ದದ ಪಟ್ಟಿಯನ್ನು ಬೋರ್ಡಿನಿಂದ ತೆಗೆದಿದ್ದರು. ಗಿಡ್ಡ ಪಟ್ಟಿ ಅಲ್ಲೇ ಇತ್ತು, ಮೊದಲ ಹೆಸರು ಇನ್ನೂ ಕೊಲ್ಲಂನ ಆ ಹುಡುಗಿಯದೇ.